ಸ್ವಚ್ಛತಾ ಖಾತೆ

ಮೋನಿಕಾ ಮಂತ್ರಿಯಾಗಿ ಮನೆಗೆ ಬಂದ ದಿನ ಕಾಲೋನಿಯಲ್ಲಿ ಯಾರೂ ಪಟಾಕಿ ಹೊಡೆಯಲಿಲ್ಲ. ಹೊಡೆಯಬೇಕಿತ್ತು. ಕಲ್ಲುಬಾವಿಪಾಳ್ಯದ ಕಾಲೋನಿಯಿಂದ ವಿಧಾನಸೌಧದ ಮೆಟ್ಟಿಲು ಹತ್ತಿದವರಿರಲಿ, ಪಂಚಾಯ್ತಿ ಆಫೀಸಿನ ಕುರ್ಚಿಗೆ ಬೆನ್ನು ಒರಗಿಸಿ ಕೂತವರೂ ಆವತ್ತಿನ ತನಕ ಇರಲಿಲ್ಲ. ಅಂಥದ್ದರಲ್ಲಿ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಸಂಪುಟ ದರ್ಜೆಯ ಸಚಿವೆಯಾಗಿ, ಎದೆಗೆ ಬ್ಯಾಡ್ಜು ಚುಚ್ಚಿಕೊಂಡು, ಒಂದು ಕಾಲಿನ ಸಾಕ್ಸನ್ನು ಹಿಮ್ಮಡಿಗೆ ಜಾರಿಸಿಕೊಂಡು ಬಂದಳೆಂದರೆ ಸಣ್ಣ ಮಾತಲ್ಲ.

"ಅಮ್ಮ, ನಾನು ಮಿನಿಸ್ಟ್ರು ಕಣಮ್ಮ," ಅಂದಳು.

ಅವಳಮ್ಮ ಕೋಮಲಾ ವಸಂತನರಸಾಪುರದ ಬಿಸ್ಕತ್ ಕಂಪನಿಯ ವ್ಯಾನಿನಿಂದ ಆಗತಾನೇ ಇಳಿದು ಬಂದಿದ್ದಳು. ಪ್ಯಾಕಿಂಗ್ ಲೈನಿನಲ್ಲಿ ಹಗಲೆಲ್ಲ ನಿಂತ ಕಾಲುಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟು ಕೂತಿದ್ದಳು. ಮಗಳ ಮಾತು ಕೇಳಿದ್ದೇ ಕೈಲಿದ್ದ ಲೋಟವನ್ನು ಮೈಕಿನಂತೆ ಮುಂದೆ ಹಿಡಿದು, ಟೀವಿ ವರದಿಗಾರ್ತಿಯ ಗಂಟಲು ತೆಗೆದಳು.

"ಈ ಸಂದರ್ಭದಲ್ಲಿ ನಿಮಗೆ ಏನನ್ನಿಸ್ತಾ ಇದೆ ಮೇಡಂ? ಯಾವ ಖಾತೆ ಸಿಕ್ಕಿದೆ ತಮಗೆ?"

"ಸ್ವಚ್ಛತಾ ಖಾತೆ."

"ಪ್ರಬಲ ಖಾತೆ ಅನ್ನಿ."

ಮೋನಿಕಾ ನಕ್ಕಳು. ಇನ್ನೊಬ್ಬರ ಗಂಟಲಿನಲ್ಲಿ ಮಾತಾಡುವುದು ಕೋಮಲಾಳಿಗೆ ಹುಟ್ಟಿನಿಂದ ಬಂದ ಗುಣ. ವ್ಯಾನಿನಲ್ಲಿ ಅವಳು ಸೂಪರ್‌ವೈಸರ್ ಆಗುವಳು, ಗುಬ್ಬಿ ಬಸ್‌ಸ್ಟ್ಯಾಂಡಿನ ಅನೌನ್ಸರ್ ಆಗುವಳು, ಲೈನು ನಿಂತಾಗ ಕೊಯ್ಯಿಗುಟ್ಟುವ ಮಿಷನ್ನೂ ಆಗುವಳು. ಅವಳಾಗೇ ಇರಲು ಅವಳಿಗೆ ಪುರುಸೊತ್ತು ಸಿಗುತ್ತಿದ್ದುದು ಕಮ್ಮಿ.

ಅಂತೂ ಆ ದಿನ ಮಂತ್ರಿಗಳಿಗೆ ಶ್ಯಾವಿಗೆ ಪಾಯಸವಾಯಿತು.

ಸರ್ಕಾರಿ ಶಾಲೆಯಲ್ಲಿ ಜೂನ್ ಬಂತೆಂದರೆ ಶಾಲಾ ಸಂಸತ್ತು ರಚನೆಯಾಗುತ್ತದೆ. ಮಕ್ಕಳಿಗೆ ಪ್ರಜಾಪ್ರಭುತ್ವ ಅಂದರೇನು ಅಂತ ಚಿಕ್ಕಂದಿನಲ್ಲೇ ಗೊತ್ತಾಗಲಿ ಎಂದು. ಕಲ್ಲುಬಾವಿಪಾಳ್ಯದ ಮಕ್ಕಳಿಗೆ ಅದು ಸರಿಯಾಗಿಯೇ ಗೊತ್ತಾಗುತ್ತಿತ್ತು. ಪ್ರಧಾನಮಂತ್ರಿ ಹುದ್ದೆಗೆ ಮೊಬೈಲಿನಲ್ಲಿ ಬಟನ್ ಒತ್ತಿ ಮತದಾನ. ಗೆದ್ದವಳು ಸುಮನಾ. ಶಾಲಾಭಿವೃದ್ಧಿ ಸಮಿತಿ ಅಧ್ಯಕ್ಷ, ಕೊಬ್ಬರಿ ವ್ಯಾಪಾರದ ರುದ್ರಯ್ಯನವರ ಮಗಳು. ಆಹಾರ, ಕ್ರೀಡೆ, ಗ್ರಂಥಾಲಯ ಖಾತೆಗಳಿಗೆ ಜಗಳ, ಅಳು, ರಾಜೀನಾಮೆ ಬೆದರಿಕೆ. ಸ್ವಚ್ಛತಾ ಖಾತೆಗೆ ಮಾತ್ರ ಯಾವತ್ತೂ ಅವಿರೋಧ ಆಯ್ಕೆ.

ಮುಖ್ಯ ಶಿಕ್ಷಕ ಗುರುಪ್ರಸಾದ್ ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದರು: "ಒಂದು ವಿಷಯ ಏನಪ್ಪಾ ಅಂತಂದ್ರೆ, ಈ ಖಾತೆಗೆ ಸ್ವಲ್ಪ ಅನುಭವ ಬೇಕಾಗುತ್ತೆ, ಅಲ್ವೇ?" ಹೇಳಿ ಕಾಲೋನಿಯ ಮಕ್ಕಳು ಕೂತ ಕಡೆ ಪ್ರೀತಿಯಿಂದ ನೋಡುತ್ತಿದ್ದರು. ಹೋದ ವರ್ಷ ಕಾಲೋನಿಯ ಬೆಟ್ಟಯ್ಯನ ಮೊಮ್ಮಗ. ಅದರ ಹಿಂದಿನ ವರ್ಷ ಅವನ ಅಕ್ಕ. ಬೆಂಗಳೂರಿನಲ್ಲಿ ಎಷ್ಟು ಸರ್ಕಾರ ಉರುಳಿದರೂ ಈ ಖಾತೆ ಮಾತ್ರ ಕಾಲೋನಿ ಬಿಟ್ಟು ಕದಲಿರಲಿಲ್ಲ. ಮೀಸಲಾತಿ ವಿರುದ್ಧ ಊರಿನ ಕಟ್ಟೆಯ ಮೇಲೆ ಗಂಟೆಗಟ್ಟಲೆ ಮಾತಾಡುವವರು ಯಾರೂ ಈ ಮೀಸಲಾತಿಯ ವಿರುದ್ಧ ತುಟಿ ಬಿಚ್ಚಿರಲಿಲ್ಲ. ಜಾತಿ ಎಂಬ ಪದ ಗುರುಪ್ರಸಾದರ ಬಾಯಿಂದ ಬರುತ್ತಿರಲಿಲ್ಲ. ವಿದ್ಯಾವಂತರು. ಅದಕ್ಕೇ ಅನುಭವ ಅನ್ನುತ್ತಿದ್ದರು. ಮಗ್ಗಿಯೇ ಸರಿಯಾಗಿ ಬಾರದ ಮಗುವಿಗೆ ಆ ಅನುಭವ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ.

ಶಾಲೆಯಲ್ಲಿ ಎರಡು ಶೌಚಾಲಯ. ಒಂದು ಮಕ್ಕಳದು. ಅದಕ್ಕೆ ಉದ್ಘಾಟನೆಯಾಗಿತ್ತು, ನೀರಾಗಿರಲಿಲ್ಲ. ಈಗ ಅದರೊಳಗೆ ಮುರಿದ ಬೆಂಚುಗಳಿದ್ದವು. ಮಕ್ಕಳು ಕಾಂಪೌಂಡಿನ ಹಿಂದಿನ ಲಂಟಾನ ಪೊದೆಗೆ ಹೋಗುತ್ತಿದ್ದರು, ಹುಡುಗಿಯರು ಒಬ್ಬರಿಗೊಬ್ಬರು ಕಾವಲು. ಇನ್ನೊಂದು ಸ್ಟಾಫಿನದು. ಅದಕ್ಕೆ ಟೈಲ್ಸಿತ್ತು, ಕನ್ನಡಿಯಿತ್ತು, ಬೀಗವಿತ್ತು. ಆ ಬೀಗದ ಕೈಯೇ ಸ್ವಚ್ಛತಾ ಖಾತೆ.

ಮಂತ್ರಿಗಳು ಪ್ರಾರ್ಥನೆಗಿಂತ ಮೊದಲೇ ಬರಬೇಕು. ಸಂಪಿನಿಂದ ನೀರು ಸೇದಿ, ಬಕೆಟ್ಟನ್ನು ಎರಡೂ ಕೈಲಿ ಹಿಡಿದು, ಮೊಣಕಾಲಿಗೆ ಬಡಿಸಿಕೊಳ್ಳುತ್ತ ಹೊರಬೇಕು. ಆಸಿಡ್ ಬಾಟಲಿಯ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆಯಬೇಕು, ಏಕೆಂದರೆ ಅದು ಕೈಗೆ ಬಗ್ಗುವುದಿಲ್ಲ. ಹೊಗೆ ಎದ್ದಾಗ ಉಸಿರು ಹಿಡಿಯಬೇಕು. ಕುಕ್ಕರಗಾಲಲ್ಲಿ ಕೂತು ಬ್ರಷ್ಷಿನಿಂದ ಉಜ್ಜಬೇಕು. ಗಟ್ಟಿ ಹಿಡಿದಿದ್ದರೆ ಉಗುರು ಹಾಕಬೇಕು. ಆಮೇಲೆ ಬೀಗ ಹಾಕಿ ಬೀಗದ ಕೈಯನ್ನು ಲಂಗದ ಜೇಬಿನಲ್ಲಿಟ್ಟುಕೊಂಡು, ಮೇಷ್ಟ್ರುಗಳು ಕೇಳಿದಾಗ ಓಡಿ ಹೋಗಿ ತೆಗೆದುಕೊಡಬೇಕು. ಅವರು ಹೊರಗೆ ಬಂದ ಮೇಲೆ ಒಂದು ಬಕೆಟ್ ನೀರು ಸುರಿಯಬೇಕು. ಮಂತ್ರಿಗಳು ತೊಳೆಯಲು ಒಳಗೆ ಹೋಗಬಹುದು. ಹೋಗಲು ಹೋಗುವಂತಿಲ್ಲ. ಅವರಿಗೂ ಪೊದೆಯೇ.

ಕೋಮಲಾಳಿಗೆ ಇದಾವುದೂ ಗೊತ್ತಿರಲಿಲ್ಲ. ಅವಳು ಓದುವಾಗ ಅದೇ ಶಾಲೆಯಲ್ಲಿ ಶೌಚಾಲಯವೇ ಇರಲಿಲ್ಲವಾದ್ದರಿಂದ ಖಾತೆಯೂ ಇರಲಿಲ್ಲ. ಮಗಳ ಬೆರಳ ತುದಿಯ ಚರ್ಮ ಸುಲಿಯುತ್ತಿದ್ದುದು ಕಂಡಿತ್ತು. "ಮಣ್ಣಲ್ಲಿ ಆಡ್ದೆ" ಅಂದಿದ್ದಳು ಮೋನಿಕಾ. ಕೊಬ್ಬರಿ ಎಣ್ಣೆ ಹಚ್ಚಿದ್ದಳು. ಊಟಕ್ಕೆ ಕೂತಾಗ ಖಾರ ತಾಗಿ ಹುಡುಗಿ ಬೆರಳು ನೆಕ್ಕುತ್ತಿದ್ದುದನ್ನು ನೋಡಿ, ಸಾರು ರುಚಿಯಾಗಿದೆ ಅಂದುಕೊಂಡಿದ್ದಳು.

ಗುಟ್ಟು ರಟ್ಟು ಮಾಡಿದವರು ಯಾವ ವಿರೋಧ ಪಕ್ಷದವರೂ ಅಲ್ಲ. ಗುರುಪ್ರಸಾದರೇ.

ಶಾಲೆಗೆ ಒಂದು ಫೇಸ್‌ಬುಕ್ ಖಾತೆಯಿತ್ತು. ಗುರುಪ್ರಸಾದರು ತುಮಕೂರಿನಿಂದ ಕಾರಲ್ಲಿ ಬಂದು ಮೊದಲು ಮಾಡುತ್ತಿದ್ದ ಕೆಲಸ ಆ ಖಾತೆಗೆ ಫೋಟೋ ಹಾಕುವುದು. ಗಿಡಕ್ಕೆ ನೀರು ಹಾಕಿದರೆ ಫೋಟೋ, ಗಿಡ ಒಣಗಿದರೆ ಹೊಸ ಗಿಡದ ಫೋಟೋ. ಹಾಗೆಯೇ ಒಂದು ಬೆಳಗ್ಗೆ ಬಾಗಿಲು ತೆರೆದಿದ್ದ ಶೌಚಾಲಯದ ಮುಂದೆ ನಿಂತು ಒಂದು ವಿಡಿಯೋ ತೆಗೆದರು. ಮೇಲೆ ಬರೆದರು: "ನಮ್ಮ ಶಾಲೆಯ ಸ್ವಚ್ಛತಾ ಸಚಿವೆ ಕು. ಮೋನಿಕಾ, ಐದನೇ ತರಗತಿ, ತಂದೆ ತಿಮ್ಮರಾಜು, ಕಾಲೋನಿ, ಕಲ್ಲುಬಾವಿಪಾಳ್ಯ, ಕರ್ತವ್ಯನಿರತರಾಗಿರುವುದು." ಕೆಳಗೆ ಕೈಮುಗಿದ ಚಿತ್ರ, ಸಾಲಾಗಿ.

ತಪ್ಪು ಮಾಡುವವರು ಸಾಮಾನ್ಯವಾಗಿ ಸಾಕ್ಷಿ ಮುಚ್ಚಿಡುತ್ತಾರೆ. ಇವರು ಅದಕ್ಕೆ ಲೈಕ್ ಕೇಳಿದರು. ತಪ್ಪು ಅನ್ನಿಸಿದ್ದರೆ ತಾನೇ ಮುಚ್ಚಿಡುವುದು.

ಕಂಪನಿಯ ಕ್ಯಾಂಟೀನಿನಲ್ಲಿ ಊಟದ ಹೊತ್ತು. ಕೋಮಲಾ ಸೂಪರ್‌ವೈಸರ್ ಆಗಿ ಚಪಾತಿಯ ತೂಕ ಕಮ್ಮಿಯಿದೆ ಅಂತ ಎಲ್ಲರಿಗೂ ಬೈಯುತ್ತಿದ್ದಳು. ಹೆಂಗಸರು ಹೊಟ್ಟೆ ಹಿಡಿದುಕೊಂಡಿದ್ದರು. ಹಾಗಲವಾಡಿ ಕಡೆಯ ಹೊಂಬಾಳಮ್ಮ ಮಾತ್ರ ನಗದೆ ಮೊಬೈಲ್ ನೋಡುತ್ತಿದ್ದಳು.

"ಕೋಮಲಾ, ಬಾಯಿಲ್ಲಿ. ಇದು ನಿನ್ ಮಗ್ಳಲ್ವೇನೇ?"

ಶಾಲೆಯ ವಿಡಿಯೋವನ್ನು ಯಾರೋ ಪುಣ್ಯಾತ್ಮ ಕತ್ತರಿಸಿ, ಡೋಲಿನ ಸದ್ದು ಸೇರಿಸಿ ರೀಲ್ ಮಾಡಿದ್ದ. ಮೋನಿಕಾ ಕುಕ್ಕರಗಾಲಲ್ಲಿ ಕೂತು ಉಜ್ಜುತ್ತಿದ್ದಾಳೆ. ಡೋಲಿನ ಏಟಿಗೆ ಸರಿಯಾಗಿ ಅವಳ ಕೈ ಹಿಂದೆ ಮುಂದೆ, ಹಿಂದೆ ಮುಂದೆ. ತಲೆಯ ಮೇಲೆ ಬಂಗಾರದ ಅಕ್ಷರದಲ್ಲಿ "ಕಕ್ಕಸು ಮಿನಿಸ್ಟರ್". ಊರಿನ ಹೆಸರು ಹಾಗೇ ಇದೆ. ಹುಡುಗಿಯ ಹೆಸರು ಹಾಗೇ ಇದೆ. ಕೆಳಗೆ ಜನ ನಕ್ಕಿದ್ದರು. ಒಬ್ಬ, ನಮ್ಮ ಮನೆಗೂ ಕಳಿಸಿ ಅಂದಿದ್ದ. ಇನ್ನೊಬ್ಬ ನಕ್ಕಿರಲಿಲ್ಲ. ಅವನ ಫೋಟೋ ಜಾಗದಲ್ಲಿ ಗುಲಾಬಿ ಹೂವಿತ್ತು. "ಪಾಪು ಚೆನ್ನಾಗಿದೆ. ಸ್ಕೂಲ್ ಎಷ್ಟೊತ್ತಿಗೆ ಬಿಡುತ್ತೆ?" ಅಂತ ಕೇಳಿದ್ದ.

ಕೋಮಲಾ ಅದನ್ನು ಮತ್ತೆ ಮತ್ತೆ ಓದಿದಳು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಸೂಪರ್‌ವೈಸರ್ ಸುಮ್ನಾಗ್ಬುಟ್ರು," ಅಂತ ಆಚೆ ಟೇಬಲಿನಿಂದ ಯಾರೋ ನಕ್ಕರು.

ಆ ಸಂಜೆ ವ್ಯಾನಿನಲ್ಲಿ ಅವಳು ಯಾರ ಗಂಟಲೂ ತೆಗೆಯಲಿಲ್ಲ. ಮನೆಗೆ ಬಂದು ಮಗಳ ಎರಡೂ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಉಗುರಿನ ಬುಡ ಬೆಳ್ಳಗಾಗಿ ಬಿರಿದಿತ್ತು.

"ಯಾಕೆ ಹೇಳ್ಲಿಲ್ಲ ನಂಗೆ?"

ಮೋನಿಕಾ ಕೈ ಬಿಡಿಸಿಕೊಂಡು ಬೆನ್ನ ಹಿಂದೆ ಬಚ್ಚಿಟ್ಟಳು.

"ಕೇಳ್ತಿರೋದು ನಿನ್ನೇ ಕಣೇ."

"ಗೋಪ್ಯತೆ ಅಮ್ಮ."

"ಏನದು?"

ಹುಡುಗಿ ನೆಟ್ಟಗೆ ನಿಂತು, ಬಲಗೈ ಮುಂದೆ ಚಾಚಿ, ಒಂದೇ ಉಸಿರಿಗೆ ಒಪ್ಪಿಸಿದಳು: "ಮೋನಿಕಾ ಟಿ. ಆದ ನಾನು, ಸಚಿವೆಯಾಗಿ ನನ್ನ ತಿಳಿವಳಿಕೆಗೆ ಬಂದ ಯಾವುದೇ ವಿಷಯವನ್ನು ಯಾರಿಗೂ ತಿಳಿಸುವುದಿಲ್ಲವೆಂದು ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತೇನೆ." ಕೈ ಇಳಿಸಿದಳು. "ಎಲ್ಲಾ ಮಿನಿಸ್ಟ್ರುಗೂ ಮಾಡ್ಸಿದ್ರು. ನಂಗೆ ಮಾತ್ರ ಸಾರ್ ಇನ್ನೊಂದ್ಸಲ ಕರ್ದು ಹೇಳಿದ್ರು, ಮನೇಲೂ ಹೇಳಂಗಿಲ್ಲ, ಹೇಳಿದ್ರೆ ಪ್ರಮಾಣ ಮುರಿದಂಗೆ ಅಂತ. ಪ್ರಮಾಣ ಮುರಿದ್ರೆ ಅಪ್ಪ ಅಮ್ಮನ ಜೀವಕ್ಕೆ ಆಗಲ್ವಂತೆ."

ಕೋಮಲಾ ಆ ಪುಟ್ಟ ಸಚಿವೆಯನ್ನು ನೋಡಿದಳು. ದೊಡ್ಡ ದೊಡ್ಡ ಮಂತ್ರಿಗಳು ಪ್ರಮಾಣ ಮಾಡಿ ಕಾರಿನಲ್ಲಿ ಕೂರುವುದರೊಳಗೆ ಮರೆಯುವುದನ್ನು, ಇವಳು ತಾಯಿ ತಂದೆ ಬದುಕಿರಲಿ ಅಂತ ತಿಂಗಳುಗಟ್ಟಲೆ ಹಲ್ಲು ಕಚ್ಚಿ ಕಾಪಾಡಿದ್ದಳು.

ಮರುದಿನ ಕೋಮಲಾ ಕಂಪನಿಗೆ ಹೋಗಲಿಲ್ಲ. ಶಾಲೆಗೆ ಹೋದಳು. ಗುರುಪ್ರಸಾದರು ಕುರ್ಚಿ ತೋರಿಸಲಿಲ್ಲ, ನಗು ತೋರಿಸಿದರು.

"ಬಾಮ್ಮ. ಮಗಳು ತುಂಬಾ ಆಕ್ಟಿವ್."

"ಕಕ್ಕಸು ತೊಳ್ಸಕ್ಕೆ ನಾನು ಮಗೂನ ಸ್ಕೂಲಿಗೆ ಕಳ್ಸಿಲ್ಲ ಸಾರ್."

"ನೋಡಮ್ಮ, ಒಂದು ವಿಷಯ ಏನಪ್ಪಾ ಅಂತಂದ್ರೆ, ಇದು ಶ್ರಮದಾನ. ಜೀವನ ಕೌಶಲ. ಯಾವ ಕೆಲಸಾನೂ ಕೀಳಲ್ಲ, ಅಲ್ವೇ?"

"ನಿಮ್ ಮಗ ತುಮಕೂರಲ್ಲಿ ಓದ್ತಾವ್ನಲ್ಲ ಸಾರ್. ಅವನಿಗೆ ಯಾವ ಖಾತೆ ಕೊಟ್ಟವ್ರೆ?"

ಗುರುಪ್ರಸಾದರು ಗಂಟಲು ಸರಿಮಾಡಿಕೊಂಡರು. "ಅವನು ರೋಬೋಟಿಕ್ಸ್ ಕ್ಲಬ್ಬು. ಅವರ ಸ್ಕೂಲಲ್ಲಿ ಸಿಸ್ಟಮ್ಮೇ ಬೇರೆ."

"ಆ ವಿಡಿಯೋ ತೆಗೀರಿ ಸಾರ್. ಯಾರೋ ಬೇವರ್ಸಿ ನನ್ ಮಗಳು ಎಷ್ಟೊತ್ತಿಗೆ ಮನೆಗೆ ಹೋಗ್ತಾಳೆ ಅಂತ ಕೇಳ್ತಾವ್ನೆ."

"ಅದು ಪಬ್ಲಿಕ್ಕಮ್ಮ, ನಮ್ಮ ಕೈಲಿಲ್ಲ. ನಮ್ಮ ಪೇಜಿನ ಪೋಸ್ಟಿಗೆ ಮೇಲಿನವರೇ ಲೈಕ್ ಒತ್ತಿದಾರೆ. ಈಗ ಡಿಲೀಟ್ ಮಾಡಿದ್ರೆ ಅವರಿಗೆ ಬೇಜಾರಾಗುತ್ತೆ."

ಮಗುವಿಗೆ ಏನಾಗುತ್ತೆ ಅನ್ನುವುದು ಆ ಲೆಕ್ಕದಲ್ಲಿರಲಿಲ್ಲ. ಕೋಮಲಾ ಹೊರಗೆ ಬಂದು ಕಾಂಪೌಂಡಿನ ಕಲ್ಲಿನ ಮೇಲೆ ಕೂತಳು. ಶಾಲೆಯ ಆ ಪೋಸ್ಟಿನ ಫೋಟೋ ಹೊಡೆದುಕೊಂಡಳು. ಮಗಳ ಮುಖದ ಮೇಲೆ ಬೆರಳಿನಿಂದ ದಪ್ಪಗೆ ಕರಿ ಬಣ್ಣ ತೀಡಿದಳು, ಹೆಸರಿನ ಮೇಲೂ ತೀಡಿದಳು. ಊರಿನ ವಾಟ್ಸಾಪ್ ಗುಂಪಿಗೆ ಕಳಿಸಿ ಒಂದೇ ಸಾಲು ಬರೆದಳು: "ಈ ಖಾತೆ ನಮ್ಮ ಮಕ್ಕಳಿಗೇ ಯಾಕೆ?"

ಹಬ್ಬದ ಶುಭಾಶಯ, ಕೊಬ್ಬರಿ ರೇಟು, ಶುಭೋದಯದ ಸೂರ್ಯ ಬಿಟ್ಟರೆ ಬೇರೇನೂ ಕಾಣದಿದ್ದ ಗುಂಪು ಒಂದು ಗಳಿಗೆ ಉಸಿರು ಕಟ್ಟಿತು. ಆಮೇಲೆ ಅದು ಕಡಬಕ್ಕೆ ಹೋಯಿತು, ಗುಬ್ಬಿಗೆ ಹೋಯಿತು, ತುಮಕೂರಿನ ಯಾವುದೋ ಚಾನೆಲ್ಲಿನವನಿಗೆ ಹೋಯಿತು. ಅವನು ಗುರುಪ್ರಸಾದರಿಗೆ ಫೋನು ಮಾಡಿದ. ಮೇಲಿನವರಿಗೆ ಬೇಜಾರಾಗುತ್ತೆ ಅಂತ ಅಳಿಸಲಾಗದಿದ್ದ ಪೋಸ್ಟು ಫೋನು ಇಡುವ ಮೊದಲೇ ಅಳಿಸಿಹೋಯಿತು. ಅದರ ಜೊತೆಗೇ ಮೇಲಿನವರ ಲೈಕೂ ಹೋಯಿತು. ರೀಲು ಮಾಡಿದವನು ಯಾರೋ, ಎಲ್ಲಿಯವನೋ. ಕೈಗೆ ಸಿಕ್ಕುವಂತೆ ಉಳಿದದ್ದು ಕೋಮಲಾ ಕಳಿಸಿದ ಫೋಟೋ ಒಂದೇ. ಅಂದಮೇಲೆ ಅಪರಾಧಿಯೂ ಒಬ್ಬಳೇ.

ಶಾಲೆಯ ಗೋಡೆಯ ಮೇಲೆ "ಮಕ್ಕಳ ಸುರಕ್ಷತಾ ಸಮಿತಿ" ಅಂತ ಹಸಿರು ಬಣ್ಣದಲ್ಲಿ ಬರೆಸಿ ವರ್ಷಗಳಾಗಿದ್ದವು. ಅದರಲ್ಲಿ ಹೆಸರಿದ್ದ ಕೆಲವರಿಗೆ ತಾವು ಅದರಲ್ಲಿದ್ದೇವೆ ಅಂತ ಗೊತ್ತಿರಲಿಲ್ಲ. ಮಗು ಆಸಿಡ್ ಹೊಗೆ ಕುಡಿಯುವಾಗ ಆ ಸಮಿತಿ ಸೇರಲಿಲ್ಲ. ಗುಲಾಬಿ ಹೂವಿನವನು ಶಾಲೆ ಬಿಡುವ ಹೊತ್ತು ಕೇಳಿದಾಗ ಸೇರಲಿಲ್ಲ. ಈಗ ಸೇರಬೇಕಾಯಿತು. ಮಗುವನ್ನು ಅದರ ತಾಯಿಯಿಂದ ಕಾಪಾಡಬೇಕಿತ್ತಲ್ಲ.

ರುದ್ರಯ್ಯನವರು ಬೈಕಿನಲ್ಲಿ ಬಂದು ಕಾಲೋನಿಯ ಬಾಯಲ್ಲೇ ನಿಲ್ಲಿಸಿದರು. ಇಳಿಯಲಿಲ್ಲ, ಎಂಜಿನ್ನೂ ಆರಿಸಲಿಲ್ಲ.

"ಏನಮ್ಮೀ ಕೋಮಲಾ, ಶನಿವಾರ ಸ್ಕೂಲತ್ರ ಬಾ. ಮಗೀನ್ ಫೋಟೋ ಹಂಚಿದ್ದಕ್ಕೆ ನಿನ್ ಮ್ಯಾಲೆ ಪೋಕ್ಸೋ ಹಾಕ್ತಾರಂತೆ. ಬೇಲೇ ಇಲ್ವಂತೆ ಅದಕ್ಕೆ. ಹೆಡ್ ಮೇಷ್ಟ್ರು ಒಳ್ಳೇರು ಅಂತ ತಡ್ದವ್ರೆ."

"ಫೋಟೋ ತೆಗ್ದೋರ್ ಮ್ಯಾಲೆ ಏನ್ ಹಾಕ್ತಾರಂತೆ ಯಜಮಾನ್ರೆ?"

"ಇದೇ, ಇದೇ ಬಾಯಿಗೇ ನೀನು ಹಾಳಾಗದು." ಗೇರು ಹಾಕಿ ಹೋದರು.

ಬಾಯಿ ಏನೋ ಆಡಿತು. ಆದರೆ ಕೋಮಲಾಳ ಕಣ್ಣ ಮುಂದೆ ಬಂದದ್ದೇ ಬೇರೆ. ಪೋಲೀಸು, ಕೋರ್ಟು, ಮಗಳು ಒಬ್ಬಳೇ ಮನೆಯಲ್ಲಿ. ಕುಣಿಗಲ್ಲಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದ ಗಂಡ ತಿಮ್ಮರಾಜುವಿಗೆ ಫೋನು ಮಾಡಿದಳು. ಆ ಕಡೆ ಕಾಂಕ್ರೀಟ್ ಮಿಷನ್ ಗಿರಗುಟ್ಟುತ್ತಿತ್ತು.

"ಬುಡು ಕಣೇ. ಊರ್ನೋರ್ ಸವಾಸ ನಮ್ಗ್ಯಾಕೆ. ಸಾರಿ ಅಂದ್ಬುಡು ಒಂದ್ಸಲ. ಬಾಯಿ ಮಾತು ತಾನೇ."

"ಬುಡ್ತೀನಿ. ಸೋಮವಾರ ಬ್ರಷ್ ಹಿಡ್ಯೋಳು ಯಾರು?"

ತಿಮ್ಮರಾಜು ಮಿಷನ್ನಿನಿಂದ ದೂರ ನಡೆದ. ಸದ್ದು ಸಣ್ಣದಾಯಿತು. ಆಮೇಲೆ ಅಂದ: "ಅವಳ ಕೈ ಹೆಂಗೈತೆ ಈಗ?"

"ಉರೀತದಂತೆ."

"ಹಂಗಾರೆ ನಂಗೇನ್ ಕೇಳ್ಬೇಡ. ನಿಂಗೆ ತೋಚಿದ್ ಮಾಡು."

ಶನಿವಾರ ಶಾಲೆಯ ಜಗುಲಿಯ ಮೇಲೆ ಶಾಮಿಯಾನ. ಹಿಂದೆ ಫ್ಲೆಕ್ಸು: "ಮಕ್ಕಳ ಸುರಕ್ಷತೆ: ಶಾಲೆಯಲ್ಲಿ ಮತ್ತು ಆನ್‌ಲೈನ್‌ನಲ್ಲಿ". ಅಕ್ಷರದ ಸುತ್ತ ಮಕ್ಕಳ ಮುಖಗಳು, ಮುಖದ ಕೆಳಗೆ ಹೆಸರು, ತರಗತಿ. ಗುರುಪ್ರಸಾದರು ಸಮಿತಿ ಸಭೆಯನ್ನೂ ಜಾಗೃತಿ ಕಾರ್ಯಕ್ರಮವನ್ನೂ ಒಂದೇ ಶಾಮಿಯಾನದಲ್ಲಿ ಮುಗಿಸುವ ಯೋಜನೆ ಹಾಕಿದ್ದರು. ತುಮಕೂರಿನಿಂದ ಸಂಪನ್ಮೂಲ ವ್ಯಕ್ತಿ ಅಪರ್ಣ ಮೇಡಂ ಬಂದಿದ್ದರು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಲ್ಯಾಪ್‌ಟಾಪು, ಮೆಲು ದನಿ. ರುದ್ರಯ್ಯನವರು ಅವರಿಗೆ ಎಳನೀರಿನ ಮೇಲೆ ಎಳನೀರು ಕೊಚ್ಚಿ ಕೊಟ್ಟರು. ಬೇಡ ಅನ್ನಲು ಮೇಡಂಗೆ ಸಂಕೋಚ.

ಎದುರಿಗೆ ಸ್ಟ್ಯಾಂಡಿನ ಮೇಲೆ ಗುರುಪ್ರಸಾದರ ಮೊಬೈಲು. ಫೇಸ್‌ಬುಕ್ಕಿನಲ್ಲಿ ನೇರ ಪ್ರಸಾರ. "ಇವರು ನಮ್ಮ ಪ್ರಧಾನಿ ಸುಮನಾ, ಐದನೇ ತರಗತಿ. ಇವನು ಕ್ರೀಡಾ ಸಚಿವ, ಊರಿನ ಕಟ್ಟೆ ಪಕ್ಕದಲ್ಲೇ ಮನೆ," ಎಂದು ಒಬ್ಬೊಬ್ಬರನ್ನೇ ಜಗತ್ತಿಗೆ ತೋರಿಸಿ ಪರಿಚಯ ಮಾಡಿಕೊಟ್ಟರು. ಸ್ವಚ್ಛತಾ ಸಚಿವೆಯನ್ನು ಮಾತ್ರ ಹಿಂದಿನ ಸಾಲಿಗೆ ಕೂರಿಸಿದ್ದರು.

ಅಪರ್ಣ ಮೇಡಂ ಶುರುಮಾಡಿದರು. "ಮಕ್ಕಳೇ, ನಿಮ್ಮ ಹೆಸರು, ತರಗತಿ, ಊರು, ಇದನ್ನ ಆನ್‌ಲೈನಲ್ಲಿ ಯಾರಿಗೂ ಹೇಳಬಾರದು. ಗೊತ್ತಾಯ್ತಾ?"

"ಗೊತ್ತಾಯ್ತು ಮಿಸ್," ಅಂದರು ಮಕ್ಕಳು ಆನ್‌ಲೈನಿನಲ್ಲಿ.

"ದೊಡ್ಡವರು ಯಾರಾದರೂ, ಇದು ಗುಟ್ಟು, ಮನೇಲಿ ಹೇಳಬೇಡ ಅಂದರೆ ಏನು ಮಾಡಬೇಕು?"

"ಹೇಳ್ಬೇಕು ಮಿಸ್."

ಹಿಂದಿನ ಸಾಲಿನಿಂದ ಮೋನಿಕಾ ಎದ್ದಳು. "ಮಿಸ್, ಪ್ರಮಾಣ ಮಾಡ್ಸಿದ್ರೆ?"

"ಏನು ಪುಟ್ಟ?"

"ಹೇಳಲ್ಲ ಅಂತ ದೇವ್ರ್ ಮೇಲೆ ಪ್ರಮಾಣ ಮಾಡ್ಸಿದ್ರೆ ಆಗ್ಲೂ ಹೇಳ್ಬೋದಾ?"

ಅಪರ್ಣ ಮೇಡಂ ಕಣ್ಣು ಕಿರಿದುಮಾಡಿದರು. "ಯಾರು ಮಾಡಿಸಿದ್ದು?"

"ಮೇಡಂ, ಅದು ಪಾರ್ಲಿಮೆಂಟು, ಪಠ್ಯೇತರ ಚಟುವಟಿಕೆ," ಅಂದರು ಗುರುಪ್ರಸಾದ್ ನಗುತ್ತ. "ಕೂತ್ಕೋ ಪುಟ್ಟ."

ಮೇಡಂ ಮುಂದಿನ ಚಿತ್ರಕ್ಕೆ ಹೋದರು.

ಚಪ್ಪಾಳೆಯಾದ ಮೇಲೆ ಗುರುಪ್ರಸಾದರು ನೇರ ಪ್ರಸಾರ ನಿಲ್ಲಿಸಿ, ಮೊಬೈಲನ್ನು ಸ್ಟ್ಯಾಂಡಿನ ಮೇಲೇ ಬಿಟ್ಟು, ಕೋಮಲಾಳನ್ನು ಮುಂದೆ ಕರೆದರು. ಕೈಗೊಂದು ಹಾಳೆ ಕೊಟ್ಟರು.

"ಒಂದು ವಿಷಯ ಏನಪ್ಪಾ ಅಂತಂದ್ರೆ, ಸಮಿತಿಗೆ ನಿನ್ನ ಮೇಲೆ ದ್ವೇಷ ಇಲ್ಲಮ್ಮ. ಇದನ್ನ ಕ್ಯಾಮೆರಾ ನೋಡಿ ಓದಿಬಿಡು. ತಪ್ಪು ಮಾಹಿತಿ ಹಂಚಿದೆ, ಶಾಲೆಯ ಗೌರವಕ್ಕೆ ಧಕ್ಕೆ ತಂದೆ, ಕ್ಷಮಿಸಿ ಅಂತ. ಪೇಜಿಗೆ ಹಾಕ್ತೀವಿ. ಕೇಸು ಗೀಸು ಏನಿರಲ್ಲ. ಮೋನಿಕಾ, ಬಾ, ಅಮ್ಮನ ಪಕ್ಕ ನಿಂತ್ಕೋ. ಮಗು ಜೊತೇಲಿದ್ರೆ ಜನ ನಂಬ್ತಾರೆ."

ಮೋನಿಕಾ ಬಂದಳು. ಕೋಮಲಾ ಅವಳ ತೋಳು ಹಿಡಿದು ತನ್ನ ಬೆನ್ನ ಹಿಂದಕ್ಕೆ ತಳ್ಳಿದಳು.

"ನನ್ ಮಗೀನ್ ಮುಖ ಬೀಳ್ಬಾರ್ದು ಇದ್ರಲ್ಲಿ. ನಾನ್ ಒಬ್ಳೇ."

"ಸರಿ ಬುಡಿ ಸಾ, ಒಬ್ಳೇ ಓದ್ಲಿ," ಅಂದರು ರುದ್ರಯ್ಯ. ಮೊಬೈಲಿನ ಕೆಂಪು ಚುಕ್ಕೆ ಹತ್ತಿತು.

ಕೋಮಲಾ ಹಾಳೆ ನೋಡಿದಳು. ಓದಿದರೆ ಮುಗಿಯುತ್ತದೆ. ಎಲ್ಲರೂ ಮನೆಗೆ ಹೋಗುತ್ತಾರೆ. ಸೋಮವಾರ ಪ್ರಾರ್ಥನೆಗಿಂತ ಮೊದಲು ಬಕೆಟ್ಟು, ಬಾಟಲಿ, ಬ್ರಷ್ಷು. ಬೆನ್ನ ಹಿಂದೆ ಮಗಳು ಸೀರೆಯ ಸೆರಗು ಹಿಡಿದುಕೊಂಡಿದ್ದಳು, ಬೆರಳ ತುದಿ ತಾಗದಂತೆ, ಅಂಗೈಯಲ್ಲಿ.

ಕೋಮಲಾ ಗಂಟಲು ಸರಿಮಾಡಿಕೊಂಡಳು. ಅದು ಗುರುಪ್ರಸಾದರು ಗಂಟಲು ಸರಿಮಾಡಿಕೊಂಡ ಸದ್ದು. ಮಕ್ಕಳ ಸಾಲಿನಲ್ಲಿ ಯಾರೋ ಕಿಸಕ್ಕಂದರು.

"ಒಂದು ವಿಷಯ ಏನಪ್ಪಾ ಅಂತಂದ್ರೆ," ಅಂದಳು, ಅದೇ ಮೂಗು, ಅದೇ ಎಳೆತ, ಅದೇ ಕನ್ನಡಕ ಏರಿಸುವ ಕೈ. "ಗುರುಪ್ರಸಾದ್ ಆದ ನಾನು ಈ ಮೂಲಕ ಸಮಸ್ತರಲ್ಲಿ ಕ್ಷಮೆ ಕೇಳೋದೇನಂದ್ರೆ, ನಾನು ಕಾಲೋನಿ ಮಗು ಕೈಲಿ ನನ್ನ ಕಕ್ಕಸು ತೊಳೆಸಿದೆ, ಅಲ್ವೇ? ಆ ಕಕ್ಕಸಿಗೆ ಆ ಮಗೂನ ಬಿಟ್ಕೊಳ್ಳಲಿಲ್ಲ, ಅಲ್ವೇ? ಅವ್ವಂಗೂ ಹೇಳ್ಬೇಡ, ಹೇಳಿದ್ರೆ ನಿಮ್ಮವ್ವ ಸಾಯ್ತಾಳೆ ಅಂತ ಹೆದರ್ಸಿದೆ. ಆಮೇಲೆ ನಾನೇ ವಿಡಿಯೋ ತೆಗ್ದು, ಹೆಸರು, ಊರು, ಎಲ್ಲಾ ಹಾಕಿ ಲೋಕಕ್ಕೆಲ್ಲ ತೋರ್ಸಿದೆ. ಲೈಕ್ ಬಂತು. ಖುಷಿಯಾಯ್ತು. ನಮ್ಮದು ಸಿಸ್ಟಮ್ಮೇ ಬೇರೆ."

ಮಕ್ಕಳು ಬಿದ್ದು ಬಿದ್ದು ನಕ್ಕರು. ದೊಡ್ಡವರಲ್ಲಿ ಕೆಲವರು ಟವೆಲಿನಿಂದ ಬಾಯಿ ಒರೆಸಿಕೊಂಡರು. ಇಬ್ಬರು ಮಿಸ್ಸುಗಳು ಒಬ್ಬರನ್ನೊಬ್ಬರು ನೋಡದೆ ಫ್ಲೆಕ್ಸನ್ನು ನೋಡಿದರು.

"ಆಫ್ ಮಾಡ್ರಿ ಅದನ್ನ," ಅಂದರು ಗುರುಪ್ರಸಾದ್. ಅವರ ಗಂಟಲು ಅವರಿಗೇ ಸಿಗುತ್ತಿರಲಿಲ್ಲ. "ಪೋಕ್ಸೋ ಅಂದ್ರೆ ತಮಾಷೆ ಅಂದ್ಕೊಂಡಿದೀಯಾ?"

ಕೋಮಲಾ ಈಗ ತನ್ನ ಗಂಟಲಿಗೆ ಬಂದಳು.

"ಹಾಕಿ ಸಾರ್ ಕೇಸು. ನಾನ್ ಬರ್ತೀನಿ ಸ್ಟೇಷನ್‌ಗೆ. ಆ ಫೋಟೋ ಎಲ್ಲಿ ತೆಗ್ದಿದ್ದು, ಯಾರ್ ತೆಗ್ದಿದ್ದು, ಮಗು ಅಲ್ಲಿ ಏನ್ ಮಾಡ್ತಿತ್ತು, ಅದನ್ನೂ ಬರೀರಿ ಅದ್ರಲ್ಲಿ. ನಾನು ಮುಖಕ್ಕೆ ಮಸಿ ಬಳ್ದೆ. ನೀವ್ ಅದನ್ನೂ ಬಳೀಲಿಲ್ಲ."

"ಕೇಸು ಅಂತ ಯಾರಂದ್ರು ಈಗ," ಅಂದರು ಗುರುಪ್ರಸಾದ್. ಮೇಡಂ ಕಡೆ ತಿರುಗಿದರು. "ಮೇಡಂ, ನೀವು ಹೇಳಿ."

ಅಪರ್ಣ ಮೇಡಂ ಲ್ಯಾಪ್‌ಟಾಪಿನ ಮುಚ್ಚಳ ಮುಟ್ಟಿದರು. "ನನ್ನ ವಿಷಯ ಆನ್‌ಲೈನ್ ಸುರಕ್ಷತೆ ಸರ್. ಇದು ಸ್ವಲ್ಪ ಆಫ್‌ಲೈನ್ ಅನ್ಸುತ್ತೆ."

ಕೋಮಲಾ ಹಾಳೆಯನ್ನು ಮಡಿಸಿ ಮೇಜಿನ ಮೇಲಿಟ್ಟಳು. "ಓದಲ್ಲ ನಾನು. ಸೋಮವಾರದಿಂದ ನನ್ ಮಗಳು ತೊಳ್ಯದೂ ಇಲ್ಲ. ಕಾಲೋನಿ ಯಾವ್ ಮಗೂನೂ ತೊಳ್ಯಲ್ಲ."

ರುದ್ರಯ್ಯನವರು ಎದ್ದು ನಿಂತರು. "ಮತ್ ಯಾರು ತೊಳೀಬೇಕಮ್ಮೀ? ನನ್ ಮಗ್ಳು ತೊಳೀಬೇಕಾ? ಸುಮನಾ ಕೈಲಿ ಕಕ್ಕಸು ತೊಳ್ಸು ಅಂತೀಯಾ? ಕೇಳಕ್ಕಾದ್ರೂ ಚೆನ್ನಾಗೈತಾ ಇದು? ಅವಳಿನ್ನೂ ಮಗು."

ಮಾತು ಆಡಿದವರಿಗೇ ಅದು ತಡವಾಗಿ ಕೇಳಿಸಿತು. ಕೋಮಲಾ ಬೆನ್ನ ಹಿಂದಿದ್ದ ಹುಡುಗಿಯನ್ನು ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡಳು, ಅಷ್ಟೆ. ಸುಮನಾಳಿಗಿಂತ ಒಂದು ಗೇಣು ಗಿಡ್ಡ.

ಅಷ್ಟರಲ್ಲಿ ಎಳನೀರು ತನ್ನ ಕೆಲಸ ಮಾಡಿತು. ಅಪರ್ಣ ಮೇಡಂ ಗುರುಪ್ರಸಾದರ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಏನೋ ಕೇಳಿದರು. ಗುರುಪ್ರಸಾದರ ಮುಖ ಬೆಳಗಿತು. ಅಂತೂ ಅವರಿಗೆ ಬಗೆಹರಿಸಬಲ್ಲ ಸಮಸ್ಯೆಯೊಂದು ಸಿಕ್ಕಿತ್ತು. ವರ್ಷಗಳ ಅಭ್ಯಾಸ ನಾಲಿಗೆಯ ತುದಿಯಲ್ಲೇ ಇತ್ತು.

"ಮೋನಿಕಾ, ಬೇಗ ಹೋಗಿ ಒಂದು ಬಕೆಟ್ ನೀರು ಹಾಕಿ ಉಜ್ಜಿಬಿಡಮ್ಮ. ಮೇಡಂ ಬರ್ತಾರೆ."

ಕೋಮಲಾ ಬಾಯಿ ತೆರೆಯುವಷ್ಟರಲ್ಲಿ ಮೋನಿಕಾ ಜೇಬಿಗೆ ಕೈ ಹಾಕಿ ಬೀಗದ ಕೈ ತೆಗೆದಿದ್ದಳು. ಓಡಿಯೇಬಿಟ್ಟಳು. ಇಷ್ಟೆಲ್ಲ ಆಡಿದ್ದು ಗಾಳಿಗೆ ಹೋಯಿತು. ರುದ್ರಯ್ಯ ಮೀಸೆಯ ಮೇಲೆ ಕೈಯಾಡಿಸಿ ಕೂತರು. "ನೋಡಮ್ಮೀ, ಮಗೀಗಿರೋ ಬುದ್ಧಿ ನಿಂಗಿಲ್ಲ."

ಮೋನಿಕಾ ಬೀಗ ತೆಗೆದಳು. ಬಕೆಟ್ಟು ಸಂಪಿನ ಪಕ್ಕವೇ ಕೂತಿತ್ತು. ಅವಳು ಅದನ್ನು ಎತ್ತಲಿಲ್ಲ. ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ಒಳಗಿನ ಚಿಲಕ ಬಿದ್ದ ಸದ್ದು ಜಗುಲಿಯವರೆಗೂ ಕೇಳಿಸಿತು.

ಮೇಡಂ ಬಾಗಿಲ ಮುಂದೆ ಹೋಗಿ ನಿಂತರು. ಒಂದು ಕಾಲಿನ ಮೇಲಿನ ಭಾರ ಇನ್ನೊಂದು ಕಾಲಿಗೆ ಹಾಕಿದರು. ಗಡಿಯಾರ ನೋಡಿಕೊಂಡರು. ಗುರುಪ್ರಸಾದರು ಬಂದು ಬಾಗಿಲು ತಟ್ಟಿದರು.

"ಮೋನಿಕಾ, ಉಜ್ಜಿದ್ದಾಯ್ತೇನಮ್ಮ?"

"ಉಜ್ತಿಲ್ಲ ಸಾರ್."

"ಮತ್ತೇನು ಮಾಡ್ತಿದೀಯ ಒಳಗೆ?"

"ಕೂತಿದೀನಿ ಸಾರ್. ಇನ್ನೂ ಹೊತ್ತಾಗುತ್ತೆ."